ಮೀಟುವ ಬೆರಳಿನ ಉಗುರು



ವೀಣೆಯ ಮಾತು ಬಂದಾಗ ನಾವು ರಾಗದ ಬಗ್ಗೆ, ಗಮಕದ ಬಗ್ಗೆ, ಬಾನಿಯ ಬಗ್ಗೆ ಎಷ್ಟೋ ಹೇಳುತ್ತೇವೆ. ಹಲಸಿನ ಕೊಡ, ಮೇಣ, ಕುದುರೆ, 24 ಮೆಟ್ಟಿಲುಗಳು, ಇವೂ ಚರ್ಚೆಗೆ ಬರುತ್ತವೆ. ಆದರೆ ತಂತಿಯನ್ನು ನಿಜವಾಗಿ ಮುಟ್ಟಿ ನಾದ ಎಬ್ಬಿಸುವ ವಸ್ತುವಿನ ಬಗ್ಗೆ ಪಾಠದ ಕೋಣೆಯ ಹೊರಗೆ ಯಾರೂ ಮಾತಾಡುವುದಿಲ್ಲ. ಅದು ಬಲಗೈಯ ಉಗುರು. ತೋರುಬೆರಳು, ನಡುಬೆರಳು, ಕಿರುಬೆರಳು, ಈ ಮೂರರ ಉಗುರು. ಅರಸೀಕೆರೆಯಲ್ಲಿ ವೀಣೆ ಹೇಳಿಕೊಡುವವಳಾಗಿ ನಾನು ಶ್ರುತಿ ಸರಿಪಡಿಸುವುದಕ್ಕೂ ಮೊದಲು ನೋಡುವುದು ಮಕ್ಕಳ ಬೆರಳ ತುದಿಯನ್ನು. ಈ ಹೊತ್ತು ಅದರ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ವೀಣೆಯಲ್ಲಿ ಎರಡು ಕೈಗೂ ಎರಡು ನಿಯಮ. ಎಡಗೈ ತೋರುಬೆರಳು, ನಡುಬೆರಳುಗಳ ಉಗುರನ್ನು ಒತ್ತಾಗಿ ತೆಗೆದಿರಬೇಕು. ಇಲ್ಲದಿದ್ದರೆ ತಂತಿಯನ್ನು ಎಳೆದು ಗಮಕ ಕೊಡುವಾಗ ಉಗುರು ಮೆಟ್ಟಿಲಿಗೆ ತಾಗಿ ಕಿರ್ರೆನ್ನುತ್ತದೆ. ಆ ಬೆರಳ ತುದಿಯಲ್ಲಿ ಕಾಲಕ್ರಮೇಣ ತಂತಿಯ ಗೆರೆ ಬಿದ್ದು, ಚರ್ಮ ಗಟ್ಟಿಯಾಗಿ, ಕಪ್ಪಾಗುತ್ತದೆ. ಬಲಗೈಯದು ಬೇರೆ ಲೆಕ್ಕ. ತೋರುಬೆರಳೂ ನಡುಬೆರಳೂ ಒಂದಾದ ಮೇಲೊಂದು ಸಾರಣಿ, ಪಂಚಮ, ಮಂದ್ರ, ಅನುಮಂದ್ರ ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಮೀಟುತ್ತವೆ. ಕಿರುಬೆರಳು ಪಕ್ಕದ ಮೂರು ತಾಳದ ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಈ ಮೂರು ಬೆರಳಿಗೆ ಅಳತೆಯ ಉಗುರು ಬೇಕು. ಸರೋದ್‌ನಲ್ಲಿ ಇದು ತಿರುಗಾಮುರುಗ. ಅಲ್ಲಿ ಬಲಗೈ ಹಿಡಿಯುವುದು ಜವಾ ಎಂಬ ಪುಟ್ಟ ತುಂಡನ್ನು. ಅದನ್ನು ಮಾಡುವುದು ತೆಂಗಿನ ಕರಟದಿಂದ ಎಂದರೆ ಅರಸೀಕೆರೆಯವರಾದ ನಮಗೆ ಸಂತೋಷವಾಗಬೇಕು. ಮೈಸೂರಿನಲ್ಲಿ ನೆಲೆಸಿ, 2024ರಲ್ಲಿ ನಮ್ಮನ್ನು ಅಗಲಿದ ಪಂಡಿತ್ ರಾಜೀವ್ ತಾರಾನಾಥರ ವಾದ್ಯ ಅದು. ಸರೋದ್‌ಗೆ ಮೆಟ್ಟಿಲಿಲ್ಲ, ನುಣುಪಾದ ಲೋಹದ ತಗಡಿನ ಮೇಲೆ ಎಡಗೈ ಜಾರಬೇಕು. ಅನೇಕ ವಾದಕರು ತಂತಿಯನ್ನು ಉಗುರಿನ ಅಂಚಿನಲ್ಲೇ ಒತ್ತುವುದರಿಂದ ಆ ಅಂಚಿನಲ್ಲಿ ತಂತಿ ಕಚ್ಚು ಹಾಕುತ್ತದೆ, ಅವರು ಅದನ್ನು ಮತ್ತೆ ಮತ್ತೆ ಉಜ್ಜಿ ಸಮ ಮಾಡಿಕೊಳ್ಳುತ್ತಾರೆ.

ಉಗುರಿನಲ್ಲಿ ಮೀಟಬೇಕೋ ಬೆರಳಿನ ಮಾಂಸದಲ್ಲಿ ಮೀಟಬೇಕೋ ಎಂಬ ವಾದ ನಮ್ಮಲ್ಲಿ ಮಾತ್ರ ಇಲ್ಲ. ಸ್ಪೇನಿನ ಗಿಟಾರ್ ಲೋಕದಲ್ಲಿ 19ನೇ ಶತಮಾನದ ಇಬ್ಬರು ದೊಡ್ಡ ವಾದಕರು ಈ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿದರು. ಫರ್ನಾಂಡೊ ಸೋರ್ ಉಗುರಿಲ್ಲದೆ ನುಡಿಸಿದವರು, ಡಿಯೊನಿಸಿಯೊ ಅಗ್ವಾಡೊ ಉಗುರಿನಿಂದ ನುಡಿಸಿದವರು. ಪ್ಯಾರಿಸಿನಲ್ಲಿ ಇಬ್ಬರೂ ಆಪ್ತ ಗೆಳೆಯರು. ಸೋರ್ ತಮ್ಮಿಬ್ಬರಿಗೆಂದೇ ಒಂದು ಜೋಡಿ ಗಿಟಾರ್ ಕೃತಿ ರಚಿಸಿ ಅದಕ್ಕೆ ‘ಇಬ್ಬರು ಗೆಳೆಯರು’ ಎಂದೇ ಹೆಸರಿಟ್ಟರು. ಒಬ್ಬರದು ಮಾಂಸದ ನಾದ, ಇನ್ನೊಬ್ಬರದು ಉಗುರಿನ ನಾದ, ಎರಡೂ ಒಂದೇ ಕೃತಿಯಲ್ಲಿ. ಮತ ಬೇರೆಯಾದರೂ ಸ್ನೇಹ ಕೆಡದ ಈ ಸಂಗತಿ ನನಗೆ ಬಹಳ ಹಿಡಿಸುತ್ತದೆ. ಮುಂದೆ ಫ್ರಾನ್ಸಿಸ್ಕೊ ತಾರೆಗಾ ತಮ್ಮ ಕೊನೆಯ ವರ್ಷಗಳಲ್ಲಿ ಉಗುರನ್ನು ಪೂರ್ತಿ ಬಿಟ್ಟರು. ಆಂದ್ರೆಸ್ ಸೆಗೋವಿಯಾ ಉಗುರನ್ನೇ ಹಿಡಿದು ಜಗತ್ತು ಸುತ್ತಿದರು.

ಅದೇ ಸ್ಪೇನಿನ ದಕ್ಷಿಣದ ಫ್ಲಮೆಂಕೊ ಸಂಗೀತದಲ್ಲಿ ಮಾತ್ರ ಈ ಆಯ್ಕೆಗೆ ಜಾಗ ಕಡಿಮೆ. ಅಲ್ಲಿ ಬೆರಳುಗಳನ್ನು ಮಡಚಿ, ಒಂದಾದ ಮೇಲೊಂದು ಬಿಚ್ಚುತ್ತ, ಉಗುರಿನ ಬೆನ್ನಿನಿಂದ ಎಲ್ಲ ತಂತಿಗಳನ್ನೂ ಒಟ್ಟಿಗೆ ಬಾರಿಸುತ್ತಾರೆ. ಅದಕ್ಕೆ ರಸ್ಗೆಯಾದೊ ಎನ್ನುತ್ತಾರೆ. ನಡುನಡುವೆ ತಾಳಕ್ಕೆಂದು ವಾದ್ಯದ ಮರದ ಮೇಲೂ ಉಗುರಿನಿಂದ ಕುಟ್ಟುತ್ತಾರೆ. ಮರ ಸವೆಯದಿರಲೆಂದು ಅಲ್ಲೊಂದು ತೆಳು ಹಾಳೆ ಅಂಟಿಸಿರುತ್ತಾರೆ. ಮರಕ್ಕೆ ಹಾಳೆಯ ರಕ್ಷಣೆ ಸಿಕ್ಕಿತು, ಉಗುರಿಗೆ ಸಿಗಲಿಲ್ಲ. ಆದ್ದರಿಂದಲೇ ಪಾಕೊ ದೆ ಲುಸಿಯಾರಂಥ ಫ್ಲಮೆಂಕೊ ವಾದಕರನ್ನು ಕೇಳಿ ಗಿಟಾರ್ ಕೈಗೆತ್ತಿಕೊಂಡ ಹುಡುಗರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಉಗುರನ್ನು ಗಟ್ಟಿ ಮಾಡುವುದು ಹೇಗೆ ಎಂಬುದೂ ಒಂದು. ನನ್ನ ವೀಣೆಯ ಮಕ್ಕಳ ತಾಯಂದಿರು ಕೇಳುವುದೂ ಅದನ್ನೇ.

ನಮ್ಮ ಜಿಲ್ಲೆಗೆ ಈ ವಿಷಯ ದೂರದ್ದಲ್ಲ. ಮೈಸೂರು ಬಾನಿಯ ಮಹಾ ವೈಣಿಕ ವಿ. ದೊರೆಸ್ವಾಮಿ ಅಯ್ಯಂಗಾರ್ಯರು 1920ರಲ್ಲಿ ಹುಟ್ಟಿದ್ದು ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲಿ. ಅವರ ಗುರು ವೀಣೆ ವೆಂಕಟಗಿರಿಯಪ್ಪನವರು, ವೆಂಕಟಗಿರಿಯಪ್ಪನವರ ಗುರು ವೀಣೆ ಶೇಷಣ್ಣನವರು. ಅಯ್ಯಂಗಾರ್ಯರು ಬೆಂಗಳೂರು ಆಕಾಶವಾಣಿಯಲ್ಲಿ ಬಹುಕಾಲ ಕೆಲಸ ಮಾಡಿದವರು, 1984ರಲ್ಲಿ ಸಂಗೀತ ಕಲಾನಿಧಿಯಾದವರು. ಹಾಡುಗಾರಿಕೆಯನ್ನೇ ತಂತಿಯ ಮೇಲೆ ತರುವ ಬಾನಿಗಳಿಗಿಂತ ಮೈಸೂರು ಬಾನಿಯಲ್ಲಿ ಮೀಟಿಗೆ ಹೆಚ್ಚು ಬೆಲೆ. ಮೀಟು ಎದ್ದು ಕೇಳಬೇಕು, ಒರಟಾಗಬಾರದು. ಅವರ ಧ್ವನಿಮುದ್ರಿಕೆಯ ಒಂದು ತಾನವನ್ನು ಗಮನವಿಟ್ಟು ಕೇಳಿ. ಪ್ರತಿ ಮೀಟಿನ ಆರಂಭ ಎಷ್ಟು ಸ್ವಚ್ಛ, ಎಷ್ಟು ದುಂಡು! ಉಗುರಿನ ಅಂಚು ಒಡೆದಿದ್ದರೆ, ಸೊಟ್ಟಗಿದ್ದರೆ ಅಂಥ ಮೀಟು ಬಾರದು. ಸಾಧನೆ ಎಷ್ಟೇ ಇದ್ದರೂ ಬಾರದು.

ಈಗ ಗಟ್ಟಿತನದ ವಿಷಯಕ್ಕೆ ಬರೋಣ. ನಮ್ಮ ಊರಿನ ಶಿವಾಲಯ, ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಎಲ್ಲವೂ ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಮೃದುವಾಗಿರುವ ಕಲ್ಲು ಅದು, ಗಾಳಿಗೆ ಬಿದ್ದ ಮೇಲೆ ಗಡುಸಾಗುತ್ತದೆ. ಬಳಪವನ್ನು ಉಗುರಿನಿಂದ ಗೀರಿದರೆ ಗೆರೆ ಮೂಡುತ್ತದೆ ಎಂಬುದು ಸ್ಲೇಟು ಹಿಡಿದು ಬೆಳೆದವರಿಗೆಲ್ಲ ಗೊತ್ತು. ಖನಿಜಗಳ ಗಡಸುತನ ಅಳೆಯಲು 1812ರಲ್ಲಿ ಫ್ರೆಡ್ರಿಕ್ ಮೋಸ್ ಮಾಡಿದ 1ರಿಂದ 10ರವರೆಗಿನ ಅಳತೆಯಲ್ಲಿ ಬಳಪಕ್ಕೆ 1, ಮನುಷ್ಯನ ಉಗುರಿಗೆ ಸುಮಾರು 2.5. ಉಕ್ಕು 5ಕ್ಕಿಂತ ಮೇಲೆ. ವೀಣೆಯ ಸಾರಣಿ ಉಕ್ಕಿನ ತಂತಿ. ಅದರ ಮುಂದೆ ಯಾವ ಉಗುರೂ ಗೆಲ್ಲುವುದಿಲ್ಲ. ಗಿಟಾರಿನವರ ನೈಲಾನ್ ತಂತಿ ಇಷ್ಟು ಕ್ರೂರವಲ್ಲ, ಅವರಿಗೆ ಹೊಡೆತದ ರಭಸವೇ ಶತ್ರು. ನಮಗೆ ತಂತಿಯ ಸವೆತವೇ ಶತ್ರು. ಹೀಗಿರುವಾಗ ಉಗುರನ್ನು ಕಲ್ಲಾಗಿಸುವ ಪ್ರಯತ್ನ ವ್ಯರ್ಥ. ಗಟ್ಟಿಯಾದ ಉಗುರು ಸವೆಯುವ ಬದಲು ಚಕ್ಕೆ ಏಳುತ್ತದೆ. ನಮಗೆ ಬೇಕಾದದ್ದು ಬಾಗುವ ಉಗುರು, ಅಂಚು ನುಣುಪಾದ ಉಗುರು. ಇಂದಿನ ಮಾತಿನಲ್ಲಿ ನಿಮಗೆ ಒಂದೇ ನೆನಪಿರುವುದಾದರೆ ಇದು ನೆನಪಿರಲಿ.

ಉಗುರು ಕೆರಾಟಿನ್ ಎಂಬ ಸಸಾರಜನಕದ ತೆಳು ಪದರಗಳ ರಾಶಿ. ನಮ್ಮ ಕೂದಲೂ ಅದೇ. ಅದರ ಬಲ ಕೆರಾಟಿನ್ ಎಳೆಗಳ ನಡುವಿನ ಗಂಧಕದ ಬೆಸುಗೆಯಿಂದ ಬರುತ್ತದೆಯೇ ಹೊರತು ಸುಣ್ಣದಿಂದಲ್ಲ. ಉಗುರಿನ ಮೇಲೆ ಬಿಳಿ ಚುಕ್ಕೆ ಕಂಡರೆ ಕ್ಯಾಲ್ಸಿಯಂ ಕಡಿಮೆ ಎನ್ನುವುದು ರೂಢಿ. ಸಾಮಾನ್ಯವಾಗಿ ಅದು ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು, ಅಷ್ಟೆ. ಉಗುರು ಹುಟ್ಟುವುದು ಬುಡದ ಚರ್ಮದೊಳಗೆ, ತಿಂಗಳಿಗೆ 3 ಮಿಲಿಮೀಟರಿನಷ್ಟು ಮುಂದಕ್ಕೆ ಬರುತ್ತದೆ. ನಡುಬೆರಳಿನದು ತುಸು ಬೇಗ, ಕಿರುಬೆರಳಿನದು ತಡ. ಬುಡದಿಂದ ತುದಿಗೆ ಬರಲು ಸುಮಾರು 6 ತಿಂಗಳು. ಹಾಗಾದರೆ ನವರಾತ್ರಿಯ ಕಛೇರಿಯಲ್ಲಿ ತಂತಿ ಮುಟ್ಟುವ ಉಗುರು ಯುಗಾದಿಯ ಹೊತ್ತಿಗೆ ಹುಟ್ಟಿದ್ದು. ಆಗ ಜೋರು ಜ್ವರ ಬಂದಿದ್ದರೆ ಅಡ್ಡಗೆರೆಯೊಂದು ಮೂಡಿ, ಉಗುರಿನ ಜೊತೆಯಲ್ಲೇ ನಿಧಾನವಾಗಿ ತುದಿಗೆ ಸಾಗಿಬರುತ್ತದೆ. ಕಛೇರಿಗೆ ಒಂದು ವಾರ ಇರುವಾಗ ಔಷಧಿ ಕೇಳಿಕೊಂಡು ಬರುವವರಿಗೆ ನಾನು ಹೇಳುವುದು ಇದನ್ನೇ: ತುದಿಯ ಉಗುರಿಗೆ ಜೀವವಿಲ್ಲ, ಅದನ್ನು ಕಾಪಾಡಬಹುದು, ವಾಸಿ ಮಾಡಲಾಗದು.

ಕಾಪಾಡಬೇಕಾದದ್ದು ಯಾವುದರಿಂದ? ಮುಖ್ಯವಾಗಿ ನೀರಿನಿಂದ. ಉಗುರು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಪದರಗಳ ನಡುವಿನ ಹಿಡಿತ ಸಡಿಲವಾಗಿ ತುದಿ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಕರ್ನಾಟಕದಲ್ಲಿ ವೀಣೆ ನುಡಿಸುವವರಲ್ಲಿ ಹೆಣ್ಣುಮಕ್ಕಳೇ ಬಹಳ. ಮದುವೆಗೆ ಮುಂಚೆ ಕಲಿತು, ಸೀನಿಯರ್ ಪರೀಕ್ಷೆ ಮುಗಿಸಿ, ಗಂಡನ ಮನೆಗೆ ವೀಣೆಯನ್ನೂ ಕೊಂಡೊಯ್ದು, ಐದಾರು ವರ್ಷದಲ್ಲಿ ಅದಕ್ಕೆ ಮುಸುಕು ಹಾಕಿ ಮೂಲೆಗಿಟ್ಟವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಯಾಕಮ್ಮ ಬಿಟ್ಟೆ ಎಂದರೆ ಸಮಯವಿಲ್ಲ ಎನ್ನುತ್ತಾರೆ. ಬಿಡಿಸಿ ಕೇಳಿದರೆ ಇನ್ನೊಂದು ಕಾರಣವೂ ಬರುತ್ತದೆ: ‘ಉಗುರೇ ನಿಲ್ಲೋದಿಲ್ಲ ಮೇಡಂ, ಮೀಟಿದರೆ ಸದ್ದೇ ಬರೋದಿಲ್ಲ.’ ನಿಲ್ಲುವುದಾದರೂ ಹೇಗೆ? ಬೆಳಿಗ್ಗೆ ಪಾತ್ರೆ, ಆಮೇಲೆ ಬಟ್ಟೆ, ಆಮೇಲೆ ನೆಲ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಗಡುಸು, ನೊರೆ ಬರಲು ಸೋಪು ಹೆಚ್ಚು ಬೇಕು. ಆ ಸೋಪು ಉಗುರಿನಲ್ಲಿರುವ ಅಲ್ಪಸ್ವಲ್ಪ ಜಿಡ್ಡನ್ನೂ ತೊಳೆದುಹಾಕುತ್ತದೆ. ಮೇಲೆ ಸ್ಟೀಲಿನ ಜುಂಗು ಹಿಡಿದು ಕಾವಲಿ ಉಜ್ಜಬೇಕು. ಅವರೆಕಾಯಿ ಕಾಲ ಬಂತೆಂದರೆ ಹಿತಕಬೇಳೆಗೆ ಕಾಳು ಹಿಸುಕಿ ಹಿಸುಕಿ ತೋರುಬೆರಳಿನ ಉಗುರು ಮೆತ್ತಗಾಗುತ್ತದೆ. ಬೆಳ್ಳುಳ್ಳಿ ಸುಲಿಯುವುದು, ತೆಂಗಿನಕಾಯಿ ಜುಟ್ಟಿನ ನಾರು ಕೀಳುವುದು, ಡಬ್ಬಿಯ ಬಿಗಿ ಮುಚ್ಚಳ ಎಬ್ಬುವುದು, ಎಲ್ಲಕ್ಕೂ ಅದೇ ಉಗುರು.

ಮನೆಯವರಲ್ಲಿ ನನ್ನ ವಿನಂತಿ ಇಷ್ಟೆ. ಹದಿನೈದು ವರ್ಷ ಕಲಿತ ವಿದ್ಯೆ ಆ ಮೂರು ಉಗುರಿನ ತುದಿಯಲ್ಲಿ ನಿಂತಿದೆ. ಪಾತ್ರೆಯನ್ನು ಇನ್ನೊಬ್ಬರು ತೊಳೆಯಬಹುದು. ತೊಳೆಯಲೇಬೇಕಾದರೆ ಒಳಗೆ ಹತ್ತಿಯ ಬಟ್ಟೆಯಿರುವ ರಬ್ಬರ್ ಕೈಗವಸು ಹಾಕಿಕೊಳ್ಳಲಿ, ಅದನ್ನು ದೊಡ್ಡಸ್ತಿಕೆ ಎಂದು ಯಾರೂ ಆಡಿಕೊಳ್ಳದಿರಲಿ. ಎರಡೂ ಕೈಗೆ ಗವಸು ಬೇಕು, ಯಾಕೆಂದರೆ ಎಡಗೈ ಬೆರಳ ತುದಿಯ ಗಟ್ಟಿ ಚರ್ಮವೂ ನೀರಿನಲ್ಲಿ ನೆನೆದರೆ ಮೆತ್ತಗಾಗಿ ತಂತಿ ಕೊಯ್ಯುತ್ತದೆ. ಸಾಧನೆಯನ್ನು ನೀರಿನ ಕೆಲಸಕ್ಕಿಂತ ಮೊದಲು ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಬೆಳಗಿನ ಜಾವದ ಒಣ ಉಗುರು ಕೊಡುವ ನಾದವನ್ನು ಪಾತ್ರೆ ತೊಳೆದು ಬಂದ ಉಗುರು ಕೊಡುವುದಿಲ್ಲ. ನೀವೇ ನುಡಿಸಿ ನೋಡಿ.

ಎಣ್ಣೆಗೆ ಬಂದರೆ, ಕೊಬ್ಬರಿಯ ಮಂಡಿಯಲ್ಲೇ ಬದುಕುವ ಊರಿನವರು ಬೇರೆ ಕಡೆ ಹುಡುಕಬೇಕಾಗಿಲ್ಲ. ಸಾಧನೆಗೆ ಕೂತಾಗ ಎಡಗೈ ಜಾರಲೆಂದು ಪುಟ್ಟ ಬಟ್ಟಲಲ್ಲಿ ಎಣ್ಣೆ ಇಟ್ಟುಕೊಳ್ಳುವುದು ವೈಣಿಕರ ಹಳೆಯ ಅಭ್ಯಾಸ. ಅದೇ ಕೊಬ್ಬರಿ ಎಣ್ಣೆಯ ಒಂದು ಹನಿಯನ್ನು ರಾತ್ರಿ ಮಲಗುವಾಗ ಬಲಗೈ ಉಗುರಿನ ಬುಡಕ್ಕೆ, ಅಂಚಿಗೆ, ತುದಿಯ ಒಳಬದಿಗೆ ತಿಕ್ಕಿ. ಕೈ ತೊಳೆದು ಒರೆಸಿದ ಕೂಡಲೇ ಹಚ್ಚಿದರೆ ಒಳಗಿನ ತೇವ ಆರಿಹೋಗದಂತೆ ಅದು ತಡೆಯುತ್ತದೆ. ಎಣ್ಣೆ ಉಗುರನ್ನು ಬೆಳೆಸುವುದಿಲ್ಲ, ಒಣಗಿ ಸೀಳದಂತೆ ಕಾಯುತ್ತದೆ. ಮಾಘದ ಒಣಗಾಳಿ ಬೀಸುವಾಗ ಅರಸೀಕೆರೆ ಕಡೆ ಇದು ತೀರಾ ಅಗತ್ಯ. ಬೇಲೂರು, ಸಕಲೇಶಪುರದ ಮಳೆ ಸೀಮೆಯವರಿಗೆ ಉಗುರು ಮೆತ್ತಗಾಗುವ ತೊಂದರೆ ಹೆಚ್ಚು, ಅವರು ಕೈ ಒಣಗಿಸಿಕೊಳ್ಳುವುದಕ್ಕೆ ಗಮನ ಕೊಡಬೇಕು. ನುಡಿಸುವ ಮುನ್ನ ಬಲಗೈಯ ಎಣ್ಣೆಯನ್ನು ಒರೆಸಿಬಿಡಿ, ಇಲ್ಲದಿದ್ದರೆ ಮೀಟು ಜಾರುತ್ತದೆ.

ಆಷಾಢದ ಗೋರಂಟಿ ಹಚ್ಚಬಹುದೇ ಎಂದು ಕೇಳುತ್ತಾರೆ. ಧಾರಾಳವಾಗಿ ಹಚ್ಚಿ. ಎಲೆ ಅರೆದ ಗೋರಂಟಿ ಉಗುರಿಗೆ ಬಣ್ಣ ಕಟ್ಟುತ್ತದೆ, ಕೆಡಿಸುವುದಿಲ್ಲ. ಕಪ್ಪು ಬಣ್ಣ ಬೇಗ ಬರುವಂತೆ ರಾಸಾಯನಿಕ ಬೆರೆಸಿದ ಕೋನ್ ಮಾತ್ರ ಬೇಡ.

ಉಗುರಿನ ಅಳತೆ ಹೇಗೆ ನೋಡುವುದು? ಅಂಗೈಯನ್ನು ಮುಖದ ಕಡೆ ಹಿಡಿದಾಗ ಬೆರಳ ತುದಿಯಿಂದಾಚೆ ಉಗುರು ಒಂದು ಸಣ್ಣ ಗೆರೆಯಷ್ಟು, ಒಂದು ಮಿಲಿಮೀಟರಿನಷ್ಟು ಇಣುಕಬೇಕು. ಅದಕ್ಕಿಂತ ಉದ್ದವಾದರೆ ತಂತಿಗೆ ಸಿಕ್ಕಿಕೊಂಡು ಮೀಟು ತಡವಾಗುತ್ತದೆ, ಒಂದಲ್ಲ ಒಂದು ದಿನ ಮುರಿಯುತ್ತದೆ. ಆಕಾರ ಬೆರಳ ತುದಿಯ ದುಂಡನ್ನೇ ಅನುಸರಿಸಲಿ. ತಂತಿ ಮೊದಲು ಮಾಂಸಕ್ಕೆ ತಾಗಿ, ಅಲ್ಲಿಂದ ಉಗುರಿಗೆ ಜಾರಿ ಬಿಡುಗಡೆಯಾದಾಗ ನಾದಕ್ಕೆ ತೂಕವೂ ಹೊಳಪೂ ಬರುತ್ತವೆ. ಬರೀ ಉಗುರಿನ ನಾದ ತೆಳು, ಬರೀ ಮಾಂಸದ ನಾದ ಮಂಕು ಎಂಬುದು ನನ್ನ ಕಿವಿಯ ತೀರ್ಮಾನ. ಬೇರೆ ಅಭಿಪ್ರಾಯದ ವಿದ್ವಾಂಸರು ಇದ್ದಾರೆ, ಬೆರಳಿಗೆ ತಂತಿಯ ಉಗುರು ತೊಟ್ಟು ನುಡಿಸುವ ದೊಡ್ಡ ಕಲಾವಿದರೂ ಇದ್ದಾರೆ. ಉಗುರು ಬೆಳೆಯದವರಿಗೆ ಅದು ಗೌರವದ ದಾರಿಯೇ.

ನೇಲ್ ಕಟರ್ ಉಗುರನ್ನು ಚಪ್ಪಟೆ ಮಾಡಿ ಕತ್ತರಿಸುವುದರಿಂದ ಒಣ ಉಗುರು ಬದಿಯಲ್ಲಿ ಬಿರುಕು ಬಿಡುತ್ತದೆ. ಎಡಗೈಗೆ ಬಳಸಿ, ಅದೂ ಸ್ನಾನವಾದ ಮೇಲೆ. ಬಲಗೈಯ ಆ ಮೂರು ಬೆರಳಿಗೆ ಅರವೇ ಸರಿ. ಉಗುರು ಪೂರ್ತಿ ಒಣಗಿರುವಾಗ, ಬದಿಯಿಂದ ನಡುವಿಗೆ ಒಂದೇ ದಿಕ್ಕಿನಲ್ಲಿ, ಹಗುರವಾಗಿ ಉಜ್ಜಬೇಕು. ಗರಗಸದ ಹಾಗೆ ಹಿಂದೆಮುಂದೆ ಎಳೆದರೆ ಪದರ ಏಳುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಕೆಲಸ ಇನ್ನು ಮೇಲೆ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟ್ ಕೆಲಸದವರು ಕೊಳ್ಳುವ ಅತಿ ನಯವಾದ ಪಾಲಿಶ್ ಪೇಪರ್ ಸಿಗುತ್ತದೆ, 1000 ನಂಬರಿನದು, ಅದಕ್ಕಿಂತ ನಯವಾದದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಬೆರಳಗಲದ ತುಂಡು ಸಾಕು. ಅದರಿಂದ ಉಗುರಿನ ಅಂಚನ್ನೂ, ಮುಖ್ಯವಾಗಿ ಅಂಚಿನ ಒಳಮೈಯನ್ನೂ ಗಾಜಿನಂತೆ ನುಣುಪಾಗುವವರೆಗೆ ಉಜ್ಜಬೇಕು. ರೇಷ್ಮೆ ಸೀರೆಯ ಮೇಲೆ ಉಗುರು ಎಳೆದರೆ ಎಳೆ ಹಿಡಿಯಬಾರದು. ಒಮ್ಮೆ ಹೀಗೆ ಮಾಡಿ ಸಾರಣಿ ಮೀಟಿದವರಿಗೆ ಮತ್ತೆ ಹೇಳಬೇಕಾಗಿಲ್ಲ. ತಂತಿಯ ಸದ್ದಿಗಿಂತ ಮುಂಚೆ ಬರುತ್ತಿದ್ದ ಆ ಚರ್ ಎಂಬ ಕೆರೆತ ಹೋಗಿರುತ್ತದೆ. ಸಂಜೆ ಹೊತ್ತು ಉಗುರು ತೆಗೆಯಬಾರದೆಂದು ಮನೆಯ ಹಿರಿಯರು ಹೇಳಿದರೆ ಅದನ್ನು ಪಾಲಿಸಿ. ಹಗಲು ಬೆಳಕಿನಲ್ಲಿ ಅಂಚು ಚೆನ್ನಾಗಿ ಕಾಣುತ್ತದೆ.

ಫ್ಲಮೆಂಕೊದವರಲ್ಲಿ ಇನ್ನೊಂದು ಪದ್ಧತಿ ಇದೆ. ಫೆವಿಕ್ವಿಕ್ ಜಾತಿಯ ತ್ವರಿತ ಅಂಟನ್ನು ಉಗುರಿಗೆ ಪದರ ಪದರವಾಗಿ ಬಳಿಯುತ್ತಾರೆ, ನಡುವೆ ತೆಳು ಕಾಗದವನ್ನೋ ರೇಷ್ಮೆಯ ಚೂರನ್ನೋ ಕೂರಿಸುತ್ತಾರೆ. ಅಷ್ಟು ರಭಸದ ವಾದನಕ್ಕೆ ಅವರಿಗೆ ಅದು ಬೇಕಾಗಬಹುದು. ಆ ಅಂಟು ಚರ್ಮಕ್ಕೆಂದು ಮಾಡಿದ್ದಲ್ಲ. ಕೆಲವರಿಗೆ ಅಲರ್ಜಿಯಾಗಿ ಬೆರಳು ಊದುತ್ತದೆ. ಕಿತ್ತು ತೆಗೆಯುವಾಗ ಉಗುರಿನ ಮೇಲ್ಪದರವೂ ಅದರ ಜೊತೆ ಬರುತ್ತದೆ. ಪಾರ್ಲರಿನ ಅಕ್ರಿಲಿಕ್ ಉಗುರಿಗೂ ಇದೇ ಮಾತು. ಉಗುರು ಗಟ್ಟಿ ಮಾಡುತ್ತೇವೆಂದು ಬರುವ ಫಾರ್ಮಾಲ್ಡಿಹೈಡ್ ಇರುವ ಬಣ್ಣಗಳನ್ನು ಬಹಳ ದಿನ ಹಚ್ಚಿದರೆ ಉಗುರು ಬಾಗುವ ಗುಣ ಕಳೆದುಕೊಂಡು ಪಟ್ಟನೆ ಮುರಿಯುತ್ತದೆ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಅಂತೂ ಉಗುರನ್ನು ಒಣಗಿಸಿಬಿಡುತ್ತದೆ. ಬುಡದ ತೆಳು ಚರ್ಮವನ್ನು ಅಂದಕ್ಕಾಗಿ ಕತ್ತರಿಸಲು ಯಾರಿಗೂ ಬಿಡಬೇಡಿ. ನೀರು, ಕೊಳೆ ಒಳಗಿಳಿಯದಂತೆ ಕಾಯುವ ಬಾಗಿಲು ಅದು. ಅದು ಹರಿದರೆ ಉಗುರುಸುತ್ತು. ನಿಂಬೆಹಣ್ಣು ತೊಡಿಸಿ ಕಾಯುವುದು ನಮ್ಮ ಮನೆಗಳ ರೂಢಿ. ಕೀವು ಕಟ್ಟಿ ಮಿಡಿಯುತ್ತಿದ್ದರೆ ಕಾಯದೆ ವೈದ್ಯರಿಗೆ ತೋರಿಸಿ. ಬುಡಕ್ಕೆ ಪೆಟ್ಟಾದರೆ ಮುಂದೆ ಬರುವ ಉಗುರು ಜೀವಮಾನವಿಡೀ ಸೊಟ್ಟಗೆ ಬರಬಹುದು.

ಊಟದ ಬಗ್ಗೆ ಒಂದು ಮಾತು. ಬಯೋಟಿನ್ ಮಾತ್ರೆ ಈಗ ಎಲ್ಲೆಡೆ ಮಾರಾಟವಾಗುತ್ತಿದೆ. ಆರೋಗ್ಯವಂತರ ಉಗುರಿಗೆ ಅದರಿಂದ ದೊಡ್ಡ ಲಾಭವಿದೆಯೆಂಬುದಕ್ಕೆ ಗಟ್ಟಿ ಆಧಾರ ಕಡಿಮೆ. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಥೈರಾಯ್ಡ್‌ನಂಥ ಕೆಲವು ರಕ್ತಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರಬಹುದು. ಅದಕ್ಕಿಂತ ಮೊದಲು ರಕ್ತಹೀನತೆ ಇದೆಯೇ ನೋಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಕಬ್ಬಿಣಾಂಶ ತೀರಾ ಕಡಿಮೆಯಾದಾಗ ಉಗುರು ತೆಳುವಾಗಿ, ನಡುವೆ ತಗ್ಗಾಗಿ ಚಮಚದಂತೆ ಆಗುತ್ತದೆ. ಹುರುಳಿ, ಸೊಪ್ಪು, ಕಾಳು, ತಿನ್ನುವವರಿಗೆ ಮೊಟ್ಟೆ ಮಾಂಸ, ಜೊತೆಗೆ ನಿಂಬೆರಸ. ಊಟವಾದ ಕೂಡಲೇ ಕಾಫಿ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಸ್ವಲ್ಪ ಹೊತ್ತು ಬಿಡಿ.

ಶಾಲೆಯ ಮಕ್ಕಳದು ಇನ್ನೊಂದು ಕಷ್ಟ. ಪ್ರಾರ್ಥನೆಯ ಸಾಲಿನಲ್ಲಿ ಉಗುರು ನೋಡುವ ಪದ್ಧತಿ ಅನೇಕ ಕಡೆ ಇದೆ, ಇರಬೇಕಾದದ್ದೇ. ವೀಣೆಯನ್ನೋ ಗಿಟಾರನ್ನೋ ಕಲಿಯುವ ಮಗುವಿನ ತಂದೆತಾಯಿ ಒಂದು ಚೀಟಿ ಬರೆದು, ಈ ಮಗುವಿನ ಬಲಗೈಯ ಇಂತಿಂಥ ಬೆರಳಿನ ಉಗುರು ಒಂದು ಮಿಲಿಮೀಟರ್ ಇರುತ್ತದೆ, ಶುಚಿಯಾಗಿರುತ್ತದೆ ಎಂದು ಮೇಷ್ಟ್ರಿಗೆ ತಿಳಿಸಿದರೆ ಒಪ್ಪದವರು ಅಪರೂಪ. ಒಳಬದಿಯನ್ನು ಮೆತ್ತನೆಯ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ದಿನಾ ತೊಳೆಯುವುದು ಮಗುವಿನ ಜವಾಬ್ದಾರಿ.

ಇಷ್ಟೆಲ್ಲ ಮಾಡಿಯೂ ಉಗುರು ಮುರಿಯುತ್ತದೆ. ಕಛೇರಿಯ ದಿನವೇ ಮುರಿಯಬಹುದು. ಸಣ್ಣ ಚಕ್ಕೆಯಾದರೆ ಪಾಲಿಶ್ ಪೇಪರಿನಿಂದ ಬಿರುಕು ಮುಂದೆ ಓಡದಂತೆ ದುಂಡು ಮಾಡಿ. ಪಕ್ಕದ ಬೆರಳಿನ ಉಗುರನ್ನೂ ಅದರ ಅಳತೆಗೆ ಇಳಿಸಿ. ತೋರುಬೆರಳಿಗೂ ನಡುಬೆರಳಿಗೂ ಅಂತರ ಉಳಿದರೆ ತಾನದಲ್ಲಿ ಒಂದು ಮೀಟು ಜೋರು, ಒಂದು ಮೀಟು ಮೆದು ಕೇಳುತ್ತದೆ. ಮಾಂಸದ ಅಂಚಿನವರೆಗೆ ಸೀಳಿದ್ದರೆ ಅಂಟಿನ ಸಹವಾಸ ಬೇಡ, ಒತ್ತಾಗಿ ತೆಗೆದು ಮಾಂಸದಲ್ಲೇ ನುಡಿಸಿ. ಕೈಯನ್ನು ಕುದುರೆಯ ಕಡೆಗೆ ಒಂದಂಗುಲ ಸರಿಸಿದರೆ ತಂತಿ ಬಿಗಿಯಾಗಿ ಸಿಕ್ಕಿ ಮೀಟು ತುಸು ಸ್ಪಷ್ಟವಾಗುತ್ತದೆ. ಅಂದಿನ ಪಟ್ಟಿಯಿಂದ ದುರಿತದ ಕೃತಿಗಳನ್ನು ತೆಗೆದು ವಿಳಂಬದವನ್ನು ಇಟ್ಟುಕೊಳ್ಳಿ, ಮೈಕಿನವರಿಗೆ ಒಂದು ಮಾತು ಮೊದಲೇ ಹೇಳಿ. ಎರಡು ಮೂರು ವಾರದಲ್ಲಿ ಅಳತೆಯ ಉಗುರು ಬಂದಿರುತ್ತದೆ. ಅಲ್ಲಿಯವರೆಗೆ ಸಾಧನೆ ನಿಲ್ಲಿಸಬೇಡಿ.